ಪ್ರಶ್ನೋತ್ತರ: ರೋಗಾಣುವಿನ ಜಿನೋಮ್ ಓದಿದರೆ ಸಿಗುವುದೇನು?

ಜಿನೋಮ್ ಸೀಕ್ವೆನ್ಸಿಂಗ್ (ರೋಗಾಣುವಿನ ಇಡೀ ವಂಶವಾಹಿ ಬರಹವನ್ನು ಅಕ್ಷರ ಅಕ್ಷರವಾಗಿ ಓದುವ ಕೆಲಸ) ಕುರಿತು ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಪಿಸಿಆರ್ ಮಾಡಿದರೆ ಯಾವ ರೋಗವೆಂದು ಗೊತ್ತಾಗುತ್ತದೆ. ಹಾಗಿರುವಾಗ ಇಡೀ ಜಿನೋಮ್ ಓದಿ ಆರೋಗ್ಯ ಇಲಾಖೆಗೆ ಆಗಬೇಕಾದ್ದೇನು? ಇದು ಸಂಶೋಧಕರ ಪ್ರಬಂಧಕ್ಕಷ್ಟೇ ಉಪಯೋಗವಲ್ಲವೆ?
ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಎದುರಿಗಿರುವ ರೋಗಿಗೆ ಔಷಧ ಕೊಡಲು ಬಹುಪಾಲು ಸಲ ಪಿಸಿಆರ್ ಇಲ್ಲವೇ ಕಲ್ಚರ್ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಸಾಕು, ಆ ಮಾತು ನಿಜ. ಆದರೆ ಹತ್ತು ಊರಿನ ಹತ್ತು ರೋಗಿಗಳಿಗೆ ಸೋಂಕು ಒಂದೇ ಕಡೆಯಿಂದ ಬಂತೋ, ಒಬ್ಬೊಬ್ಬರಿಗೆ ಒಂದೊಂದು ಕಡೆಯಿಂದಲೋ ಎಂದು ಪಿಸಿಆರ್ ಹೇಳಲಾರದು. ಅದು ಹುಡುಕುವುದು ರೋಗಾಣುವಿನ ಒಂದೆರಡು ಸಣ್ಣ ತುಣುಕುಗಳನ್ನು ಮಾತ್ರ. ಜಿನೋಮ್ ಸೀಕ್ವೆನ್ಸಿಂಗ್‌ನಲ್ಲಿ ಎಲ್ಲ ಅಕ್ಷರಗಳನ್ನೂ ಓದುತ್ತಾರೆ: ಕೊರೊನಾ ವೈರಸ್ಸಿನಲ್ಲಿ ಸುಮಾರು 30 ಸಾವಿರ, ಕ್ಷಯದ ಬ್ಯಾಕ್ಟೀರಿಯಾದಲ್ಲಿ 44 ಲಕ್ಷ, ಟೈಫಾಯ್ಡಿನದರಲ್ಲಿ 48 ಲಕ್ಷ. ರೋಗಾಣು ವೃದ್ಧಿಯಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತದೆ. ಇಬ್ಬರು ರೋಗಿಗಳ ರೋಗಾಣುಗಳಲ್ಲಿ ಅವೇ ತಪ್ಪುಗಳಿದ್ದರೆ ಅವೆರಡಕ್ಕೂ ಹತ್ತಿರದ ನಂಟಿದೆ ಎಂದರ್ಥ.

ದಕ್ಷಿಣ ಆಫ್ರಿಕಾದಲ್ಲಿ ಆಹಾರದಿಂದ ಹರಡಿದ ಲಿಸ್ಟೀರಿಯಾ ಬ್ಯಾಕ್ಟೀರಿಯಾದ ಪ್ರಕರಣವನ್ನೇ ನೋಡಿ. 2017ರ ಮಧ್ಯದಲ್ಲಿ ಗೌಟೆಂಗ್ ಪ್ರಾಂತ್ಯದ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಈ ಸೋಂಕು ಹೆಚ್ಚತೊಡಗಿತು. ಇದರ ಮೂಲ ಹುಡುಕುವುದು ಕಷ್ಟ. ಕೆಟ್ಟ ಆಹಾರ ತಿಂದು 70 ದಿನ ಕಳೆದ ಮೇಲೂ ಕಾಯಿಲೆ ಕಾಣಿಸಿಕೊಳ್ಳಬಹುದು. ಎರಡು ತಿಂಗಳ ಹಿಂದೆ ಏನು ತಿಂದಿರಿ ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ? ಜೊಹಾನ್ಸ್‌ಬರ್ಗ್‌ನ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ರೋಗಿಗಳಿಂದ ಸಿಕ್ಕ ಬ್ಯಾಕ್ಟೀರಿಯಾಗಳ ಜಿನೋಮ್ ಓದಿದಾಗ ಹತ್ತರಲ್ಲಿ ಒಂಬತ್ತರಷ್ಟು ಎಸ್‌ಟಿ6 ಎಂಬ ಒಂದೇ ತಳಿಗೆ ಸೇರಿದ್ದವು. ದೇಶದ ಉದ್ದಗಲಕ್ಕೆ ಚದುರಿದ್ದ ರೋಗಿಗಳು ಎಲ್ಲೋ ಒಂದೇ ಮೂಲದ ಆಹಾರ ತಿಂದಿದ್ದಾರೆ ಎಂಬ ಸುಳಿವು ಅದು. 2018ರ ಜನವರಿಯಲ್ಲಿ ಸೊವೆಟೊದ ಒಂದು ಶಿಶುವಿಹಾರದ ಮಕ್ಕಳು ಜ್ವರ, ವಾಂತಿಭೇದಿಯಿಂದ ಆಸ್ಪತ್ರೆಗೆ ಬಂದರು. ಆರೋಗ್ಯ ನಿರೀಕ್ಷಕರು ಅಲ್ಲಿಗೆ ಹೋಗಿ ಫ್ರಿಜ್ಜಿನಲ್ಲಿದ್ದ ಪೊಲೊನಿಯನ್ನು ಲ್ಯಾಬಿಗೆ ಕಳಿಸಿದರು. ಪೊಲೊನಿ ಎಂದರೆ ಮತ್ತೆ ಬೇಯಿಸದೆ ತಿನ್ನುವ ಅಗ್ಗದ ಸಂಸ್ಕರಿತ ಮಾಂಸ. ಅದರಲ್ಲೂ ಎಸ್‌ಟಿ6 ಸಿಕ್ಕಿತು. ಪೊಲೊಕ್ವಾನೆಯಲ್ಲಿದ್ದ ಕಾರ್ಖಾನೆಯಿಂದ ತೆಗೆದ ಸ್ಯಾಂಪಲ್‌ಗಳಲ್ಲೂ ಅದೇ. ಮಾರ್ಚ್ 4ರಂದು ಸರಕಾರ ಮೂಲವನ್ನು ಬಹಿರಂಗಪಡಿಸಿ ಮಾಲು ವಾಪಸ್ ಪಡೆಯಲು ಹೇಳಿತು. ಅಷ್ಟರಲ್ಲಿ ಸಾಕಷ್ಟು ಅನಾಹುತ ಆಗಿಹೋಗಿತ್ತು: ಎಲ್ಲ ಮುಗಿಯುವ ಹೊತ್ತಿಗೆ ಒಟ್ಟು ಲೆಕ್ಕದಲ್ಲಿ 1,060 ಜನರಿಗೆ ಸೋಂಕು, 216 ಸಾವು.

ಕಾರ್ಖಾನೆಯನ್ನು ಹಿಡಿದುಕೊಟ್ಟದ್ದು ಯಂತ್ರವೊಂದೇ ಅಲ್ಲ. ಆ ಫ್ರಿಜ್ಜಿನ ಬಾಗಿಲು ತೆರೆದು ನೋಡುವವರು ಇರದಿದ್ದರೆ ಎಸ್‌ಟಿ6 ಕಂಪ್ಯೂಟರಿನಲ್ಲೊಂದು ಹೆಸರಾಗಿ ಉಳಿಯುತ್ತಿತ್ತು.

ಪ್ರಶ್ನೆ: ರಕ್ತದ ಕಲ್ಚರ್‌ನಲ್ಲಿ ಬೆಳೆದ ಟೈಫಾಯ್ಡ್ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ನಮ್ಮ ಲ್ಯಾಬಿನಿಂದ ಸೀಕ್ವೆನ್ಸಿಂಗ್‌ಗೆ ಕಳಿಸಿದ್ದೆವು. ಕೆಲವು ‘ಕ್ಯೂಸಿ ಫೇಲ್’ (ಗುಣಮಟ್ಟ ಸಾಲದು) ಎಂದು ಬಂದವು. ಒಂದರಲ್ಲಿ ಜಿನೋಮ್ ಗಾತ್ರ 97 ಲಕ್ಷ ಅಕ್ಷರ ಎಂದಿದೆ. ಡಿಎನ್‌ಎ ಅಳೆಯುವ ನ್ಯಾನೊಡ್ರಾಪ್ ಯಂತ್ರದಲ್ಲಿ ಎಲ್ಲವೂ ಚೆನ್ನಾಗಿಯೇ ಇದ್ದವು. ತಪ್ಪೆಲ್ಲಿ?
ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ

ಉತ್ತರ: 97 ಲಕ್ಷದ್ದು ಸುಲಭ. ನಿಮ್ಮ ಟ್ಯೂಬಿನಲ್ಲಿ ಎರಡು ಬ್ಯಾಕ್ಟೀರಿಯಾ ಇದ್ದವು. ಟೈಫಾಯ್ಡಿನ 48 ಲಕ್ಷ ಕಳೆದರೆ ಉಳಿಯುವ 49 ಲಕ್ಷ ಇ. ಕೋಲಿಯಂಥದ್ದರ ಗಾತ್ರಕ್ಕೆ ಹೊಂದುತ್ತದೆ. ಚರ್ಮದ ಸ್ಟ್ಯಾಫಿಲೊಕಾಕಸ್ ಸೇರಿದ್ದರೆ ಮೊತ್ತ 75 ಲಕ್ಷದ ಒಳಗೇ ನಿಲ್ಲುತ್ತಿತ್ತು. ಯಾವುದೆಂದು ಖಚಿತವಾಗಬೇಕಾದರೆ ಕ್ರಾಕೆನ್ ತಂತ್ರಾಂಶದ ವರದಿ ಕೇಳಿ ಪಡೆಯಿರಿ. ಪ್ರತಿ ತುಣುಕು ಯಾವ ಜೀವಿಯದೆಂದು ಅದು ವಿಂಗಡಿಸಿ ತೋರಿಸುತ್ತದೆ.

ಇದಾಗುವುದು ಸಾಮಾನ್ಯವಾಗಿ ಮ್ಯಾಕಾಂಕಿ ಪ್ಲೇಟಿನಿಂದ (ಬ್ಯಾಕ್ಟೀರಿಯಾ ಬೆಳೆಸುವ ಒಂದು ಬಗೆಯ ತಟ್ಟೆ) ನೇರವಾಗಿ ಕಾಲೊನಿ (ಬೆಳೆದ ಗುಂಪು) ಎತ್ತಿದಾಗ. ಆ ಮಾಧ್ಯಮ ಬೇರೆ ಬ್ಯಾಕ್ಟೀರಿಯಾಗಳನ್ನು ಅದುಮಿಡುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಕಣ್ಣಿಗೆ ಶುದ್ಧವಾಗಿ ಕಂಡ ಕಾಲೊನಿಯ ಅಡಿಯಲ್ಲಿ ಇನ್ನೊಂದು ಅಡಗಿರಬಹುದು. ಒಂಟಿ ಕಾಲೊನಿಯನ್ನು ನ್ಯೂಟ್ರಿಯೆಂಟ್ ಅಗರ್ ಅಥವಾ ಬ್ಲಡ್ ಅಗರ್ ಮೇಲೆ ಗೀರಿ, 37 ಡಿಗ್ರಿಯಲ್ಲಿ 18 ಗಂಟೆ ಇಟ್ಟು, ಬೆಳೆದುದೆಲ್ಲ ಒಂದೇ ರೂಪದ್ದೇ ಎಂದು ನೋಡಿ, ಅದರಿಂದ ಮತ್ತೆ ಒಂದೇ ಕಾಲೊನಿ ತೆಗೆದು ಬೆಳೆಸಿ. ಅಷ್ಟಕ್ಕೆ ನಿಲ್ಲಿಸಿ. ವಾರಗಟ್ಟಲೆ ಪ್ಲೇಟಿನಿಂದ ಪ್ಲೇಟಿಗೆ ದಾಟಿಸುತ್ತ ಹೋದರೆ ಔಷಧನಿರೋಧಕ ಜೀನ್ ಹೊತ್ತ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗೆ ಬೇರೆಯಾಗಿ ಇರುವ ಡಿಎನ್‌ಎ ಉಂಗುರ) ಕಳಚಿಹೋಗುವ ಅಪಾಯವಿದೆ. ಆಮೇಲೆ ಕಲ್ಚರ್ ವರದಿ ‘ನಿರೋಧಕ’ ಎನ್ನುತ್ತದೆ, ಜಿನೋಮ್ ವರದಿ ‘ಜೀನ್ ಇಲ್ಲ’ ಎನ್ನುತ್ತದೆ. ಮೊದಲ ಶುದ್ಧ ಬೆಳೆಯನ್ನೇ ಗ್ಲಿಸರಾಲ್‌ನಲ್ಲಿ ಮೈನಸ್ 70 ಡಿಗ್ರಿಗೆ ಹಾಕಿಡಿ.

ಇನ್ನು ನ್ಯಾನೊಡ್ರಾಪ್. 260/280 ಅನುಪಾತ (ಆ ಎರಡು ತರಂಗಾಂತರಗಳಲ್ಲಿ ದ್ರಾವಣ ಬೆಳಕು ಹೀರುವ ಪ್ರಮಾಣ) 1.8ರಿಂದ 2.0 ಬಂದರೆ ಪ್ರೋಟೀನ್ ಕಲಬೆರಕೆ ಇಲ್ಲ ಎಂದಷ್ಟೇ ತಿಳಿಯಿರಿ. ಡಿಎನ್‌ಎ ಎಷ್ಟಿದೆ ಎಂಬುದಕ್ಕೆ ಆ ಯಂತ್ರವನ್ನು ನಂಬಬೇಡಿ. ಅದು ಆರ್‌ಎನ್‌ಎಯನ್ನೂ ಡಿಎನ್‌ಎ ಲೆಕ್ಕಕ್ಕೇ ಹಾಕುತ್ತದೆ. ನ್ಯಾನೊಡ್ರಾಪ್ 60 ಎಂದದ್ದು ಡಿಎನ್‌ಎಯನ್ನಷ್ಟೇ ಅಳೆಯುವ ಕ್ಯೂಬಿಟ್‌ನಲ್ಲಿ 8 ಆದರೂ ಆಶ್ಚರ್ಯವಿಲ್ಲ. ಡಿಎನ್‌ಎ ತೆಗೆಯುವಾಗ ಆರ್‌ಎನ್‌ಎಯನ್ನು ಒಡೆಯುವ ಆರ್‌ಎನ್‌ಏಸ್ ಹಾಕಿ, ಅಳತೆ ಕ್ಯೂಬಿಟ್‌ನಲ್ಲೇ ಮಾಡಿ. ಡಿಎನ್‌ಎಯನ್ನು ತುಂಡರಿಸಿ ಸೀಕ್ವೆನ್ಸಿಂಗ್‌ಗೆ ಅಣಿಮಾಡುವ ನೆಕ್ಸ್‌ಟೆರಾ ಎಕ್ಸ್‌ಟಿ ಕಿಟ್‌ಗೆ ಬೇಕಾದದ್ದು ಒಟ್ಟು 1 ನ್ಯಾನೊಗ್ರಾಂ ಮಾತ್ರ: ಮೈಕ್ರೊಲೀಟರಿಗೆ 0.2 ನ್ಯಾನೊಗ್ರಾಂ ಇರುವ ದ್ರಾವಣ 5 ಮೈಕ್ರೊಲೀಟರ್. ಇದರಲ್ಲಿ ಹೆಚ್ಚುಕಡಿಮೆ ನಡೆಯುವುದಿಲ್ಲ. ಡಿಎನ್‌ಎ ಕಡಿಮೆಯಾದರೆ ಕಿಟ್‌ನ ಕಿಣ್ವ ಅದನ್ನು ನುಚ್ಚುನೂರು ಮಾಡುತ್ತದೆ. ಹೆಚ್ಚಾದರೆ ತುಂಡುಗಳು ಉದ್ದ ಉಳಿದು ಯಂತ್ರದಲ್ಲಿ ಸರಿಯಾಗಿ ಕೂರುವುದಿಲ್ಲ. ಕೊನೆಗೆ ಡಿಎನ್‌ಎ ಇಳಿಸಿಕೊಳ್ಳಲು ಟಿಇ ಬಫರ್ ಬೇಡ, 10 ಮಿಲಿಮೋಲಾರ್ ಟ್ರಿಸ್ ಸಾಕು. ಟಿಇಯಲ್ಲಿರುವ ಇಡಿಟಿಎ ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಅದಿಲ್ಲದೆ ಆ ಕಿಣ್ವ ಕೆಲಸ ಮಾಡದು.

ಎಲ್ಲ ತಪ್ಪೂ ನಿಮ್ಮದೇ ಇರಲಿಕ್ಕಿಲ್ಲ. ಸೀಕ್ವೆನ್ಸಿಂಗ್ ಮಾಡುವ ಮೈಸೆಕ್ ಯಂತ್ರ, ಪ್ರತಿ ತುಂಡಿನ ಎರಡೂ ತುದಿಯಿಂದ 150 ಅಕ್ಷರ ಓದುವ ಒಂದು ರನ್‌ನಲ್ಲಿ (ಒಂದು ಸಲದ ಓಟದಲ್ಲಿ) ಸುಮಾರು 450 ಕೋಟಿ ಅಕ್ಷರ ಕೊಡುತ್ತದೆ. ಟೈಫಾಯ್ಡ್ ಜಿನೋಮಿನ ಪ್ರತಿ ಅಕ್ಷರವನ್ನೂ ಸರಾಸರಿ 50 ಸಲ ಓದಬೇಕೆಂದರೆ ಒಂದು ಸ್ಯಾಂಪಲ್‌ಗೆ 24 ಕೋಟಿ ಬೇಕು. ಅಂದರೆ ಹದಿನಾರರಿಂದ ಹದಿನೆಂಟು ಸ್ಯಾಂಪಲ್ ಹಿಡಿಸುತ್ತವೆ. ಖರ್ಚು ಉಳಿಸಲು 32 ತುಂಬಿದರೆ, ಬೆರಕೆಯಲ್ಲಿ ಪಾಲು ಕಡಿಮೆಯಾದವಕ್ಕೆ 12, 15 ಸಲದ ಓದಷ್ಟೇ ದಕ್ಕುತ್ತದೆ. ಸಾಲ್ಮೊನೆಲ್ಲಾಗೆ (ಟೈಫಾಯ್ಡ್ ಬ್ಯಾಕ್ಟೀರಿಯಾ ಸೇರಿರುವ ಗುಂಪು) 30 ಸಲಕ್ಕಿಂತ ಕಡಿಮೆ ಬಂದದ್ದನ್ನು ಒಪ್ಪುವುದಿಲ್ಲ. ಫೇಲ್ ಆದವುಗಳ ಓದಿನ ಆಳ ಎಷ್ಟಿತ್ತು ಎಂದು ಕೇಳಿ. ಕೊರತೆ ಅದೊಂದೇ ಆದರೆ ಅದೇ ಡಿಎನ್‌ಎಯನ್ನು ಇನ್ನೊಂದು ರನ್‌ಗೆ ಹಾಕಿಸಬಹುದು.

ಟ್ಯೂಬಿನ ಮೇಲೆ ಸಾಧಾರಣ ಮಾರ್ಕರಿನಲ್ಲಿ ಬರೆಯಬೇಡಿ, ಸ್ಪಿರಿಟ್ ತಗುಲಿದೊಡನೆ ಅಳಿಸಿಹೋಗುತ್ತದೆ. ದಿನಾಂಕವನ್ನು 2025-07-03 ಎಂಬ ಕ್ರಮದಲ್ಲೇ ಬರೆಯಿರಿ. 03/07 ಎಂದು ಬರೆದರೆ ಎಕ್ಸೆಲ್ ಜುಲೈ 3ನ್ನು ಮಾರ್ಚ್ 7 ಮಾಡಿ ಕೂರಿಸಬಹುದು. ಬೇಕಾದದ್ದು ರಕ್ತ ತೆಗೆದ ದಿನ, ಲ್ಯಾಬಿಗೆ ತಲುಪಿದ ದಿನವಲ್ಲ. ಊರಿನ ಕಾಲಂನಲ್ಲಿ ‘ದಾವಣಗೆರೆ ಜಿಲ್ಲೆ’ ಎಂದು ಬಿಟ್ಟರೆ ಯಾವ ವಾರ್ಡಿನ ನೀರಿನ ಪೈಪು ನೋಡಬೇಕೆಂದು ಯಾರಿಗೂ ತಿಳಿಯದು.

ಪ್ರಶ್ನೆ: ಎಷ್ಟು ಎಸ್‌ಎನ್‌ಪಿ ವ್ಯತ್ಯಾಸದೊಳಗೆ ಇದ್ದರೆ ಒಂದೇ ಔಟ್‌ಬ್ರೇಕ್ (ಒಂದೇ ಮೂಲದಿಂದ ಹಬ್ಬಿದ ಕಾಯಿಲೆ) ಎನ್ನಬಹುದು? ಪುಸ್ತಕಗಳಲ್ಲಿ ಬೇರೆ ಬೇರೆ ಸಂಖ್ಯೆ ಇದೆ.
ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇರೆ ಬೇರೆಯೇ ಇರಬೇಕು. ಎಸ್‌ಎನ್‌ಪಿ ಎಂದರೆ ಒಂದಕ್ಷರದ ವ್ಯತ್ಯಾಸ. ಕ್ಷಯದ ಬ್ಯಾಕ್ಟೀರಿಯಾದ ಜಿನೋಮಿನಲ್ಲಿ ವರ್ಷಕ್ಕೆ ಸರಾಸರಿ ಅರ್ಧ ಅಕ್ಷರ ಬದಲಾಗುತ್ತದೆ, ಕೊರೊನಾದಲ್ಲಿ ತಿಂಗಳಿಗೆ ಸುಮಾರು ಎರಡು. ಕ್ಷಯದಲ್ಲಿ 5 ಅಥವಾ ಅದಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಇತ್ತೀಚೆಗೆ ಹರಡಿದ್ದಿರಬಹುದು, 12 ದಾಟಿದರೆ ನೇರ ನಂಟು ಇಲ್ಲವೆನ್ನಬಹುದು ಎಂಬುದು ಇಂಗ್ಲೆಂಡಿನ ಅಧ್ಯಯನದಿಂದ ಬಂದ ಅಳತೆ. ಇದನ್ನು ಕೊರೊನಾಕ್ಕೆ ತಂದು ಹಚ್ಚಿದರೆ ಕೆಟ್ಟಿತು. ಅಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುವ ವೇಗ ಅಕ್ಷರ ಬದಲಾಗುವ ವೇಗಕ್ಕಿಂತ ಹೆಚ್ಚು. ಸೊನ್ನೆ ವ್ಯತ್ಯಾಸದ ಇಬ್ಬರು ಒಬ್ಬರನ್ನೊಬ್ಬರು ನೋಡಿಯೇ ಇರಲಿಕ್ಕಿಲ್ಲ.

ಎರಡು ಲ್ಯಾಬುಗಳ ಎಸ್‌ಎನ್‌ಪಿ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಕ್ಷಯದ ಜಿನೋಮಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಪಿಇ–ಪಿಪಿಇ ಎಂಬ ಜೀನುಗಳಿವೆ. ಒಂದನ್ನೊಂದು ಹೋಲುವ ಅವನ್ನು ಸಣ್ಣ ತುಣುಕುಗಳಲ್ಲಿ ಓದಿದರೆ ಯಾವುದು ಎಲ್ಲಿಯದೆಂದು ಗೊತ್ತಾಗದು. ಒಂದು ಲ್ಯಾಬ್ ಆ ಭಾಗವನ್ನು ಬಿಟ್ಟು ಎಣಿಸಿರುತ್ತದೆ, ಇನ್ನೊಂದು ಬಿಟ್ಟಿರುವುದಿಲ್ಲ. ಮೂಲ ಕಡತಗಳನ್ನು ತರಿಸಿ ಒಂದೇ ವಿಧಾನದಲ್ಲಿ ಮತ್ತೆ ಎಣಿಸುವುದೇ ದಾರಿ.

ಇನ್ನೊಂದು ಮಾತು, ಪರೀಕ್ಷೆಗೂ ಕೆಲಸಕ್ಕೂ. ಎಸ್‌ಎನ್‌ಪಿ ಸಂಖ್ಯೆ ದಿಕ್ಕು ಹೇಳುವುದಿಲ್ಲ. ರೋಗಿಯಿಂದ ನರ್ಸಿಗೆ ಹೋಯಿತೋ, ನರ್ಸಿನಿಂದ ರೋಗಿಗೋ, ಇಬ್ಬರಿಗೂ ಸ್ಯಾಂಪಲ್ ಕೊಡದ ಮೂರನೆಯವರಿಂದಲೋ? ಲಕ್ಷಣ ಶುರುವಾದ ದಿನ, ಡ್ಯೂಟಿ ರಿಜಿಸ್ಟರು, ಬೆಡ್ ನಂಬರು ಜತೆಗಿಲ್ಲದೆ ಇಂಥವರೇ ಹರಡಿದರು ಎಂದು ಬರೆಯುವುದು ಅನ್ಯಾಯ.

ಪ್ರಶ್ನೆ: ಕೋವಿಡ್ ಆದಾಗ ನನ್ನ ಸ್ಯಾಂಪಲ್ ಜಿನೋಮ್ ಪರೀಕ್ಷೆಗೆ ಹೋಗಿದೆ ಎಂದರು. ಫಲಿತಾಂಶ ಇಂದಿಗೂ ನನಗೆ ಬಂದಿಲ್ಲ. ಯಾಕೆ?
ಓದುಗರು, ಮಂಗಳೂರು

ಉತ್ತರ: ಆ ಪರೀಕ್ಷೆ ನಿಮಗಾಗಿ ಮಾಡಿದ್ದಲ್ಲ, ಊರಿಗಾಗಿ ಮಾಡಿದ್ದು. ಯಾವ ರೂಪಾಂತರಿ ಎಂದು ತಿಳಿದರೂ ನಿಮ್ಮ ಚಿಕಿತ್ಸೆ ಬದಲಾಗುತ್ತಿರಲಿಲ್ಲ, ಹಾಗಾಗಿ ಫಲಿತಾಂಶ ರೋಗದ ಹರಡುವಿಕೆಯ ಮೇಲೆ ಕಣ್ಣಿಡುವ ಸರ್ವೇಕ್ಷಣಾ ಘಟಕಕ್ಕೆ ಹೋಗುತ್ತದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕೊರೊನಾ ವೈರಸ್ಸಿನ ಜಿನೋಮ್ ಓದಲು ಹತ್ತು ಲ್ಯಾಬುಗಳ ಇನ್ಸಾಕಾಗ್ ಜಾಲ ಕಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಇನ್‌ಸ್ಟೆಮ್ ಅದರಲ್ಲಿದ್ದವು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಿಂದಲೇ ವರದಿಯಾದವು.

ನಿಮ್ಮ ಸ್ಯಾಂಪಲ್ ಓದಲಾಗದೆಯೂ ಹೋಗಿರಬಹುದು. ಪಿಸಿಆರ್‌ನ ಸಿಟಿ ಮೌಲ್ಯ 25ರ ಒಳಗಿರಬೇಕೆಂಬ ನಿಯಮವಿತ್ತು. ಸಂಖ್ಯೆ ಏರಿದಷ್ಟೂ ವೈರಸ್ ಕಡಿಮೆ. ಸಿಟಿ 33ರ ಸ್ಯಾಂಪಲ್ ಪಿಸಿಆರ್‌ಗೆ ಪಾಸಿಟಿವ್ ಆದೀತು, ಜಿನೋಮ್ ಓದಿದರೆ ಅರ್ಧಕ್ಕರ್ಧ ಖಾಲಿ ಬಿದ್ದೀತು.

ಪ್ರಶ್ನೆ: ಜಿನೋಮ್ ನೋಡಿಯೇ ಆಂಟಿಬಯಾಟಿಕ್ ಆರಿಸಬಹುದೆ? ಕಲ್ಚರ್–ಸೆನ್ಸಿಟಿವಿಟಿ (ರೋಗಾಣು ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವುದು) ಬಿಡಬಹುದೆ?
ವೈದ್ಯರು, ಕಲಬುರಗಿ

ಉತ್ತರ: ರೋಗಾಣು ಯಾವುದು ಎಂಬುದರ ಮೇಲಿದೆ. ಕ್ಷಯದಲ್ಲಿ ಬಹುಮಟ್ಟಿಗೆ ಹೌದು. ಅಲ್ಲಿ ನಿರೋಧಕತೆ ಬರುವುದು ಅದರದೇ ಜೀನುಗಳ ಬದಲಾವಣೆಯಿಂದ. ಯಾವ ಬದಲಾವಣೆ ಯಾವ ಔಷಧವನ್ನು ಕೆಡಿಸುತ್ತದೆ ಎಂಬ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿ 2023ರಲ್ಲಿ ಪರಿಷ್ಕರಿಸಿದೆ. ಕ್ಷಯ ಪತ್ತೆಯ ಸಿಬಿನ್ಯಾಟ್ ಯಂತ್ರಕ್ಕೆ ಕಾಣದ್ದೂ ಇಲ್ಲಿ ಕಾಣುತ್ತದೆ: ಕ್ಷಯದ ಔಷಧ ರಿಫಾಂಪಿಸಿನ್‌ಗಾಗಿ ಆ ಯಂತ್ರ ಆರ್‌ಪಿಒ-ಬಿ ಜೀನಿನ 81 ಅಕ್ಷರಗಳನ್ನಷ್ಟೇ ನೋಡುತ್ತದೆ. ಆಫ್ರಿಕಾದ ಎಸ್ವಾಟಿನಿಯಲ್ಲಿ ಹರಡಿದ ಐ491ಎಫ್ ಎಂಬ ಬದಲಾವಣೆ ಆ 81ರ ಹೊರಗಿದ್ದುದರಿಂದ ನಿರೋಧಕ ಕ್ಷಯವಿದ್ದ ರೋಗಿಗಳ ವರದಿಯಲ್ಲಿ ‘ರಿಫಾಂಪಿಸಿನ್ ಕೆಲಸ ಮಾಡುತ್ತದೆ’ ಎಂದೇ ಬರುತ್ತಿತ್ತು.

ಟೈಫಾಯ್ಡಿನಲ್ಲೂ ಸಾಕಷ್ಟು ನೆಚ್ಚಬಹುದು. 2016ರಲ್ಲಿ ಹೈದರಾಬಾದಿನಲ್ಲಿ (ನಮ್ಮ ಪಕ್ಕದ್ದಲ್ಲ, ಪಾಕಿಸ್ತಾನದ ಸಿಂಧ್‌ನದು) ಶುರುವಾದ ಟೈಫಾಯ್ಡ್ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್‌ಗೂ ಬಗ್ಗಲಿಲ್ಲ. ಕಾರಣ ಹೊರಗಿನಿಂದ ಬಂದ ಒಂದು ಪ್ಲಾಸ್ಮಿಡ್ ಎಂದು ಜಿನೋಮ್ ತೋರಿಸಿತು. ಆದರೆ ಐಸಿಯುವಿನ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಆತುರ ಬೇಡ. ಜೀನ್ ಇದ್ದೂ ಕೆಲಸ ಮಾಡದಿರಬಹುದು. ಜೀನ್ ಇಲ್ಲದಿದ್ದರೂ ಔಷಧ ಒಳಹೋಗುವ ರಂಧ್ರ ಮುಚ್ಚಿರುವುದರಿಂದ ನಿರೋಧಕವಾಗಿರಬಹುದು. ಕಲ್ಚರಿನ ಪ್ಲೇಟು, ಡಿಸ್ಕು ಇರಲಿ.

ಪ್ರಶ್ನೆ: ಚರಂಡಿ ನೀರಿನಿಂದ ರೂಪಾಂತರಿ ಪತ್ತೆ ಎಂದು ಓದಿದೆ. ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲೂ (ಕೊಳಚೆ ನೀರು ಶುದ್ಧೀಕರಣ ಘಟಕ) ಮಾಡಿಸಬಹುದೆ?
ಓದುಗರು, ಬೆಂಗಳೂರು

ಉತ್ತರ: ಮಾಡಿಸಬಹುದು, ಆದರೆ ಒಂದು ಅಪಾರ್ಟ್‌ಮೆಂಟಿಗೆ ಅದರಿಂದ ಸಿಗುವುದು ಆತಂಕವೊಂದೇ. ಇದು ದೊಡ್ಡ ಜನಸಂಖ್ಯೆಗೆ ತಕ್ಕ ವಿಧಾನ. ಬೆಂಗಳೂರಿನ ಎಸ್‌ಟಿಪಿಗಳಿಂದ 2021–22ರಲ್ಲಿ ಸಂಶೋಧಕರು ನಿಯಮಿತವಾಗಿ ನೀರು ತೆಗೆದು ಡೆಲ್ಟಾ ಇಳಿದು ಒಮಿಕ್ರಾನ್ ಏರಿದ್ದನ್ನು ಗುರುತಿಸಿದ್ದಾರೆ. ಪರೀಕ್ಷೆಗೆ ಬಾರದವರೂ ಶೌಚಾಲಯಕ್ಕೆ ಹೋಗುತ್ತಾರಲ್ಲ, ಅದೇ ಇದರ ಬಲ.

ಮಿತಿ ಮೂರು ಬಗೆಯದು. ಚರಂಡಿಯಲ್ಲಿ ಸಿಗುವುದು ನೂರಾರು ಜನರ ವೈರಸ್ಸಿನ ಹರಕುಮುರುಕು. ಈ ಬದಲಾವಣೆ, ಆ ಬದಲಾವಣೆ ಎರಡೂ ಒಂದೇ ವೈರಸ್ಸಿನಲ್ಲಿದ್ದವೋ ಬೇರೆ ಬೇರೆಯದರಲ್ಲೋ ಎಂದು ಗೊತ್ತಾಗದು. ಫ್ರೇಯಾದಂಥ ತಂತ್ರಾಂಶ ಗೊತ್ತಿರುವ ರೂಪಾಂತರಿಗಳ ಪಾಲನ್ನು ಅಂದಾಜು ಮಾಡುತ್ತದೆ. ಹೊಚ್ಚಹೊಸದಕ್ಕೆ ರೋಗಿಯ ಸ್ಯಾಂಪಲ್ಲೇ ಬೇಕು. ಎರಡನೆಯದು, ಮಳೆ ನೀರು ಒಳಚರಂಡಿಗೆ ನುಗ್ಗಿದ ದಿನ ಎಲ್ಲವೂ ತೆಳುವಾಗುತ್ತದೆ, ಸೋಂಕು ಇಳಿಯಿತೆಂಬ ಭ್ರಮೆ ಹುಟ್ಟುತ್ತದೆ. ಇದನ್ನು ಸರಿದೂಗಿಸಲು ಮೆಣಸಿನಕಾಯಿ ಗಿಡದ ಒಂದು ವೈರಸ್ಸನ್ನು ಜತೆಗೇ ಅಳೆಯುತ್ತಾರೆ. ಮೆಣಸಿನಕಾಯಿ ತಿಂದವರ ಮಲದಲ್ಲಿ ಅದು ಧಾರಾಳವಾಗಿರುತ್ತದೆ, ನೀರಿನಲ್ಲಿ ಮಲದ ಪ್ರಮಾಣ ಎಷ್ಟೆಂದು ಅದರಿಂದ ತಿಳಿಯುತ್ತದೆ. ಮೂರನೆಯದು ಸಮಯ: ಬೆಳಗಿನ ಹೊತ್ತು ಒಂದು ಬಾಟಲಿ ತುಂಬಿದ್ದಕ್ಕೂ 24 ಗಂಟೆ ಸ್ವಲ್ಪಸ್ವಲ್ಪವೇ ಕೂಡಿಸಿದ್ದಕ್ಕೂ ಫಲಿತಾಂಶ ಬೇರೆ. ಯಾವುದಾದರೊಂದಕ್ಕೆ ಅಂಟಿಕೊಳ್ಳಬೇಕು.

ಚರಂಡಿಯಿಂದ ರೋಗಾಣು ಓದುವುದು ಕೋವಿಡ್ ಕಾಲದ ಹೊಸ ಕಂಡುಹಿಡಿತವೇನಲ್ಲ. ಪೋಲಿಯೊದಲ್ಲಿ ಬಹಳ ಹಿಂದಿನಿಂದಲೂ ನಡೆದಿದೆ. ಅಲ್ಲಿ ವಿಪಿ1 ಎಂಬ ಸುಮಾರು 900 ಅಕ್ಷರಗಳ ಜೀನನ್ನು ಓದಿದರೂ ಸಾಕು. ವರ್ಷಕ್ಕೆ ಶೇಕಡಾ 1ರಷ್ಟು ಬದಲಾಗುವುದರಿಂದ, ಲಸಿಕೆಯ ಹನಿಯಲ್ಲಿರುವ ಜೀವಂತ ವೈರಸ್ ಎಷ್ಟು ಕಾಲದಿಂದ ಜನರ ನಡುವೆ ಸುತ್ತುತ್ತಿದೆ ಎಂದು ಲೆಕ್ಕ ಹಾಕಬಹುದು.

ಪ್ರಶ್ನೆ: ಮಂಗನ ಕಾಯಿಲೆಗೆ ಇದರಿಂದ ಏನಾದರೂ ಪ್ರಯೋಜನವಿದೆಯೆ?
ಕೃಷಿಕರು, ತೀರ್ಥಹಳ್ಳಿ

ಉತ್ತರ: ಇದೆ, ಆದರೆ ನಿಮ್ಮ ತೋಟದ ಮಟ್ಟದಲ್ಲಿ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಆಮೇಲೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಂಡಿತು. ಮಲೆನಾಡಿನಿಂದ ಈಚೆಗೆ ಅಲ್ಲಿಗೆ ಹೋಯಿತೋ, ಅಲ್ಲೇ ಗುಟ್ಟಾಗಿ ಇದ್ದು ಈಗ ಕಣ್ಣಿಗೆ ಬಿತ್ತೋ? ಇಂಥ ಪ್ರಶ್ನೆಗೆ ಜಿನೋಮಿನ ಹೋಲಿಕೆ ಬೇಕು. ಪಿಸಿಆರ್ ಕಿಟ್ ಹುಡುಕುವ ತುಣುಕು ಈಗಿನ ವೈರಸ್ಸಿನಲ್ಲೂ ಹಾಗೆಯೇ ಇದೆಯೇ ಎಂದು ಆಗಾಗ ನೋಡಿಕೊಳ್ಳಲೂ ಬೇಕು. ಇಲ್ಲದಿದ್ದರೆ ಕಾಯಿಲೆಯಿದ್ದೂ ವರದಿ ನೆಗೆಟಿವ್ ಬರುತ್ತದೆ.

ತೊಡಕು ಸ್ಯಾಂಪಲ್‌ನದು. ಜ್ವರ ಬಂದ ಮೊದಲ ವಾರದ ರಕ್ತದಲ್ಲಿ ವೈರಸ್ ಚೆನ್ನಾಗಿ ಸಿಗುತ್ತದೆ, ತಡವಾದಷ್ಟೂ ಕಡಿಮೆ. ಸತ್ತ ಮಂಗ ಬಿಸಿಲಿನಲ್ಲಿ ಎರಡು ದಿನ ಬಿದ್ದಿದ್ದರೆ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ಪಿಸಿಆರ್‌ಗೆ ಬೇಕಾದ ಸಣ್ಣ ತುಣುಕು ಆಗಲೂ ಸಿಗಬಹುದು, ಇಡೀ ಸುಮಾರು 10,800 ಅಕ್ಷರ ಸಿಗುವುದು ಕಷ್ಟ. ಹಾಗಾಗಿ ಸತ್ತ ಮಂಗ ಕಂಡ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ. ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಸತ್ತ ಮೈಯಿಂದ ಈ ಕಾಯಿಲೆ ಹರಡುವ ಉಣುಗುಗಳು ಇಳಿದು ಸುತ್ತಲೇ ಇರುತ್ತವೆ.

ಪ್ರಶ್ನೆ: ಜಿನೋಮ್ ಓದುವ ನ್ಯಾನೊಪೋರ್ ಯಂತ್ರ ಅಂಗೈಯಗಲ ಇದೆಯಂತೆ. ಪ್ರತಿ ಜಿಲ್ಲಾ ಆಸ್ಪತ್ರೆಗೂ ಒಂದೊಂದು ಕೊಡಬಾರದೇಕೆ?
ಓದುಗರು, ಬೆಳಗಾವಿ

ಉತ್ತರ: ಯಂತ್ರ ಅಂಗೈಯಗಲವೇ, ಅದರ ಹಿಂದಿನ ಸಂಸಾರ ದೊಡ್ಡದು. ಮಿನಿಯಾನ್ ಎಂಬ ಈ ಯಂತ್ರದಲ್ಲಿ ಓದುವ ಕೆಲಸ ಮಾಡುವುದು ಸೂಕ್ಷ್ಮ ರಂಧ್ರಗಳಿರುವ ಫ್ಲೋ ಸೆಲ್ ಎಂಬ ಬಿಲ್ಲೆ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿಗೆ ಹಾಕಿದರೆ ಹಾಳು. ಬಂದ ಕೂಡಲೇ ಪರೀಕ್ಷಿಸಿ 800ಕ್ಕಿಂತ ಕಡಿಮೆ ರಂಧ್ರಗಳು ಜೀವಂತವಿದ್ದರೆ ಬದಲಿ ಕೇಳಬೇಕು. ಗಡುವು ಮೀರಿದರೆ ಆ ಹಕ್ಕೂ ಹೋಯಿತು. ದ್ರಾವಣ ತುಂಬುವಾಗ ಒಂದು ಗಾಳಿಗುಳ್ಳೆ ಒಳಹೊಕ್ಕರೆ ಅದು ಹಾದ ಜಾಗದ ರಂಧ್ರಗಳೆಲ್ಲ ಸಾಯುತ್ತವೆ, ಮತ್ತೆ ಸರಿಪಡಿಸಲಾಗದು. ವಾರಕ್ಕೆ ಮೂರು ಸ್ಯಾಂಪಲ್ ಬರುವ ಜಿಲ್ಲೆಯಲ್ಲಿ ಎರಡೇ ದಾರಿ: ಅರ್ಧ ಖಾಲಿ ರನ್ ಮಾಡಿ ದುಡ್ಡು ಸುಡುವುದು, ಇಲ್ಲವೇ 24 ಸ್ಯಾಂಪಲ್ ಕೂಡುವವರೆಗೆ ಕಾದು ಔಟ್‌ಬ್ರೇಕ್ ಮುಗಿದ ಮೇಲೆ ಫಲಿತಾಂಶ ಕೊಡುವುದು.

ನಮ್ಮ ಅಭಿಪ್ರಾಯದಲ್ಲಿ ನಾಲ್ಕೈದು ಜಿಲ್ಲೆಗೊಂದು ಲ್ಯಾಬ್ ಸಾಕು. ಉಳಿದ ಹಣವನ್ನು ಜಿಲ್ಲೆಗಳಲ್ಲಿ ಕಲ್ಚರ್ ಸೌಲಭ್ಯಕ್ಕೆ, ಮೈನಸ್ 70 ಡಿಗ್ರಿಯ ಫ್ರೀಜರಿಗೆ, ಅದಕ್ಕೆ ಕರೆಂಟು ಹೋದಾಗ ತಾನಾಗಿ ಚಾಲೂ ಆಗುವ ಜನರೇಟರಿಗೆ, ಡಬ್ಬಿ ಸಾಗಿಸುವ ಕೊರಿಯರ್ ವ್ಯವಸ್ಥೆಗೆ ಹಾಕಲಿ. ಫ್ಲೋ ಸೆಲ್ ಇನ್ನೊಂದು ಕೊಳ್ಳಬಹುದು. ಫ್ರೀಜರ್ ಕೆಟ್ಟು ಕರಗಿದ ಸ್ಯಾಂಪಲ್ ಮತ್ತೆ ಸಿಗುವುದಿಲ್ಲ.